ಆದಿ ಕ್ರೈಸ್ತಸಭೆಯಲ್ಲಿ ಸ್ತ್ರೀಯರ ಸೇವಾಧಿಕಾರ

ಕ್ರಿ.ಶ. 57ರ ಸುಮಾರಿಗೆ ಗ್ರೀಸ್ ದೇಶದ ಕೊರಿಂಥ ಪಟ್ಟಣದಲ್ಲಿ ತಂಗಿದ್ದ ಪೌಲನು ರೋಮಾಪುರದ ಕ್ರೈಸ್ತರಿಗೆ ಒಂದು ದೀರ್ಘಪತ್ರವನ್ನು ಬರೆಯಿಸಿದನು. ಕ್ರೈಸ್ತಧರ್ಮದ ತತ್ತ್ವಚಿಂತನೆಯ ಮೇಲೆ ಆ ಪತ್ರವು ಬೀರಿದಷ್ಟು ಪ್ರಭಾವವನ್ನು ಪೌಲನ ಬೇರೆ ಯಾವ ಪತ್ರವೂ ಬೀರಲಿಲ್ಲವೆಂದು ಹೇಳಬಹುದು. ರೋಮನ್ ಸಾಮ್ರಾಜ್ಯದಲ್ಲಿ ಆಗ ಅಂಚೆಯ ವ್ಯವಸ್ಥೆ ಇತ್ತಾದರೂ ಅದು ಸರ್ಕಾರದ ಕೆಲಸಕ್ಕೆ ಮಾತ್ರ ಮೀಸಲಾಗಿತ್ತು. ಖಾಸಗಿ ಜನರ ಪತ್ರಗಳು ಆ ಕಡೆಗೆ ಪ್ರಯಾಣ ಹೊರಟ ನಂಬಿಕಸ್ತರ ಕೈಯಲ್ಲೇ ಹೋಗಬೇಕಾಗಿತ್ತು. ಪೌಲನ ಪತ್ರದ ಕೊನೆಯ ಅಧ್ಯಾಯವು ಒಬ್ಬ ಹೆಂಗಸನ್ನು ರೋಮಿನವರಿಗೆ ಪರಿಚಯಿಸುವ ಮಾತಿನಿಂದ ಆರಂಭವಾಗುತ್ತದೆ. ಆಕೆಯ ಹೆಸರು ಫೊಯಿಬೆ. ಕೊರಿಂಥದ ಪೂರ್ವದ ಬಂದರಾದ ಕೆಂಖ್ರೆಯವಳು. ಪತ್ರವನ್ನು ರೋಮಿಗೆ ಕೊಂಡೊಯ್ದವಳು ಈಕೆಯೇ ಎಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯವಾಗಿದೆ.

ಫೊಯಿಬೆಯನ್ನು ಕುರಿತು ಪೌಲನು ಬಳಸಿದ ಎರಡು ಗ್ರೀಕ್ ಶಬ್ದಗಳನ್ನು ಇಲ್ಲಿ ಗಮನಿಸಬೇಕು. ಮೊದಲನೆಯದು ‘ದಿಯಾಕೊನೊಸ್’. ಆಕೆ ಕೆಂಖ್ರೆಯ ಸಭೆಯ ದಿಯಾಕೊನೊಸ್ ಎಂದು ಆತನು ಹೇಳುತ್ತಾನೆ. ಸೇವಕ, ಕಾರ್ಯನಿರ್ವಾಹಕ, ಒಬ್ಬರ ಪರವಾಗಿ ನಿಯುಕ್ತನಾಗಿ ಹೋಗುವವನು ಎಂಬ ಅರ್ಥಗಳೆಲ್ಲವೂ ಆ ಶಬ್ದಕ್ಕೆ ಉಂಟು. ಪೌಲನು ತನ್ನನ್ನೂ ತನ್ನ ಜೊತೆಗಾರ ಅಪೊಲ್ಲೋಸನನ್ನೂ ಇದೇ ಶಬ್ದದಿಂದ ಕರೆದುಕೊಂಡಿದ್ದಾನೆ. ಆದರೆ 1611ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟವಾದ ಅಧಿಕೃತ ಭಾಷಾಂತರದಲ್ಲಿ ಪುರುಷರ ವಿಷಯ ಬಂದಾಗ ಈ ಶಬ್ದವು ‘ಮಿನಿಸ್ಟರ್’ ಎಂದಾಯಿತು. ಫೊಯಿಬೆಯ ವಿಷಯ ಬಂದಾಗ ‘ಸರ್ವೆಂಟ್’ ಎಂದಾಯಿತು. ಮೂಲದಲ್ಲಿ ಒಂದೇ ಆಗಿದ್ದುದು ಭಾಷಾಂತರದಲ್ಲಿ ಎರಡಾದುದಕ್ಕೆ ವ್ಯಾಕರಣದ ಕಾರಣವೇನೂ ಇಲ್ಲ.

ಎರಡನೆಯ ಶಬ್ದ ‘ಪ್ರೊಸ್ತಾತಿಸ್’. ಅನೇಕರಿಗೂ ತನಗೂ ಆಕೆ ಪ್ರೊಸ್ತಾತಿಸ್ ಆಗಿದ್ದಳೆಂದು ಪೌಲನು ಬರೆಯುತ್ತಾನೆ. ಆಶ್ರಯದಾತೆ, ಪೋಷಕಳು ಎಂಬುದು ಇದರ ಅರ್ಥ. ಬಂದರಿನ ಊರಿನಲ್ಲಿ ಇಂತಹ ಪೋಷಕತ್ವದ ಸ್ವರೂಪವೇನಿತ್ತು ಎಂಬುದಕ್ಕೆ ಒಂದು ಶಿಲಾಸಾಕ್ಷ್ಯವು ಲಭ್ಯವಾಗಿದೆ. 1954ರಲ್ಲಿ ಕೊರಿಂಥದ ಸಮೀಪದಲ್ಲಿ ದೊರೆತ ಒಂದು ಶಿಲೆಯ ಮೇಲೆ ಯೂನ್ಯ ಥಿಯೊದೋರಾ ಎಂಬ ಗೃಹಿಣಿಯನ್ನು ಗೌರವಿಸುವ ಐದು ಬರಹಗಳಿವೆ. ಈಕೆ ಕ್ರೈಸ್ತಳಲ್ಲ, ಲಿಸಿಯ ಪ್ರಾಂತದಿಂದ ಬಂದು ಕೊರಿಂಥದಲ್ಲಿ ನೆಲೆಸಿದವಳು, ಹೆಚ್ಚುಕಡಿಮೆ ಫೊಯಿಬೆಯ ಕಾಲದವಳೇ. ತನ್ನ ನಾಡಿನಿಂದ ಬರುವ ಪ್ರಯಾಣಿಕರನ್ನೂ ರಾಯಭಾರಿಗಳನ್ನೂ ಮನೆಯಲ್ಲಿ ಇಳಿಸಿಕೊಂಡು, ಅಧಿಕಾರಿಗಳ ಬಳಿ ಅವರ ಕಾರ್ಯಗಳನ್ನು ಸಾಧಿಸಿಕೊಟ್ಟುದಕ್ಕಾಗಿ ಲಿಸಿಯದವರು ಈಕೆಗೆ ಕೃತಜ್ಞತೆ ಸಲ್ಲಿಸಿದ್ದಾರೆ. ಪರಸ್ಥಳದಲ್ಲಿ ಒಂದು ನಂಬಿಕೆಯ ಮನೆಯಿದ್ದರೆ ಅದರ ಬೆಲೆ ಎಷ್ಟೆಂಬುದನ್ನು ವ್ಯಾಪಾರಸ್ಥ ಮನೆತನದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಫೊಯಿಬೆಯ ಪೋಷಕತ್ವವೂ ಈ ಬಗೆಯದೇ ಆಗಿದ್ದಿರಬೇಕು.

ಅದೇ ಅಧ್ಯಾಯದಲ್ಲಿ ಪೌಲನು ರೋಮಿನಲ್ಲಿರುವ ಪರಿಚಿತರಿಗೆ ಒಬ್ಬೊಬ್ಬರಾಗಿ ವಂದನೆ ಹೇಳುತ್ತಾನೆ. ಎಣಿಸಿದರೆ ಒಟ್ಟು 26 ಜನರಾಗುತ್ತಾರೆ. ಅವರಲ್ಲಿ ಒಂಬತ್ತು ಮಂದಿ ಸ್ತ್ರೀಯರು. ಏಳು ಮಂದಿಗೆ ಹೆಸರುಂಟು, ಇಬ್ಬರು ಇಂಥವನ ತಾಯಿ, ಇಂಥವನ ಸಹೋದರಿ ಎಂದು ಮಾತ್ರ ಉಲ್ಲೇಖಿತರಾಗಿದ್ದಾರೆ. ಸಂಖ್ಯೆಯಲ್ಲಿ ಪುರುಷರೇ ಹೆಚ್ಚು. ಆದರೆ ಸಭೆಗಾಗಿ ಕಷ್ಟಪಟ್ಟು ದುಡಿದವರು ಎಂಬ ಮಾತನ್ನು ಪೌಲನು ಈ ಪಟ್ಟಿಯಲ್ಲಿ ನಾಲ್ವರಿಗೆ ಮಾತ್ರ ಹೇಳಿದ್ದಾನೆ. ಆ ನಾಲ್ವರೂ, ಅಂದರೆ ಮರಿಯ, ತ್ರುಫೈನ, ತ್ರುಫೋಸ, ಪೆರ್ಸೀಸ ಎಂಬವರು, ಸ್ತ್ರೀಯರೇ. ಅದೇ ಕ್ರಿಯಾಪದವನ್ನು ಪೌಲನು ಬೇರೆ ಕಡೆಗಳಲ್ಲಿ ತನ್ನ ಧರ್ಮಪ್ರಸಾರದ ಶ್ರಮಕ್ಕೂ ಬಳಸಿಕೊಂಡಿದ್ದಾನೆ.

ಇವರಿಗೆಲ್ಲ ಈ ಸ್ಥಾನ ದೊರೆತದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರವು ಅಂದಿನ ಸಭೆ ಸೇರುತ್ತಿದ್ದ ಸ್ಥಳದಲ್ಲಿಯೇ ಇದೆ. ಮೊದಲ ಎರಡು ಶತಮಾನಗಳಲ್ಲಿ ಕ್ರೈಸ್ತರಿಗೆ ಇಗರ್ಜಿಗಳೆಂಬ ಪ್ರತ್ಯೇಕ ಕಟ್ಟಡಗಳಿರಲಿಲ್ಲ. ಅವರು ಮನೆಗಳಲ್ಲಿ ಕೂಡುತ್ತಿದ್ದರು. ಅವರ ಪ್ರಾರ್ಥನೆ, ಬೋಧನೆ, ಸಹಭೋಜನಗಳು ಒಂದೇ ಸೂರಿನ ಕೆಳಗೆ ನಡೆಯುತ್ತಿದ್ದವು. ಮನೆಯ ಒಡೆತನ ಹೆಂಗಸಿನದಾಗಿದ್ದರೆ ಕೂಟದ ಹೊಣೆಯೂ ಸ್ವಾಭಾವಿಕವಾಗಿ ಆಕೆಯದೇ ಆಗುತ್ತಿತ್ತು. ಮಕೆದೋನ್ಯದ ಫಿಲಿಪ್ಪಿ ಪಟ್ಟಣದಲ್ಲಿ ಪೌಲನ ಮಾತನ್ನು ಮೊದಲು ಸ್ವೀಕರಿಸಿದ ಲುದ್ಯಳು ಧೂಮ್ರವರ್ಣದ ವಸ್ತ್ರಗಳ ವ್ಯಾಪಾರಿ. ಏಷ್ಯಾ ಮೈನರಿನ ಥುವತೈರ ಆಕೆಯ ಊರು. ಆ ಊರಿನಲ್ಲಿ ಬಣ್ಣಗಾರರ ಸಂಘವೇ ಇದ್ದುದು ಶಾಸನಗಳಿಂದ ತಿಳಿಯುತ್ತದೆ. ಆ ಬಣ್ಣದ ಬಟ್ಟೆ ಸಿರಿವಂತರ ಸರಕು. ಲುದ್ಯಳು ತನ್ನ ಮನೆಯವರೊಂದಿಗೆ ದೀಕ್ಷಾಸ್ನಾನ ಪಡೆದು, ಪೌಲನನ್ನೂ ಆತನ ಸಂಗಡಿಗರನ್ನೂ ಒತ್ತಾಯಪಡಿಸಿ ತನ್ನ ಮನೆಯಲ್ಲಿ ಇಳಿಸಿಕೊಂಡಳು. ಈ ಪ್ರಸಂಗದಲ್ಲಿ ಆಕೆಯ ಗಂಡನ ಮಾತೇ ಇಲ್ಲ. ಮನೆ ಆಕೆಯದು, ವ್ಯವಹಾರ ಆಕೆಯದು, ತೀರ್ಮಾನವೂ ಆಕೆಯದು.

ಪ್ರಿಸ್ಕಿಲ್ಲಳ ವಿಷಯ ಇನ್ನೂ ಸ್ವಾರಸ್ಯಕರವಾದುದು. ಈಕೆಯೂ ಗಂಡನಾದ ಅಕ್ವಿಲನೂ ಗುಡಾರ ಮಾಡುವ ಕಸುಬಿನವರು. ಕ್ಲೌದ್ಯ ಚಕ್ರವರ್ತಿಯು ಯೆಹೂದ್ಯರನ್ನು ರೋಮಿನಿಂದ ಹೊರಡಿಸಿದಾಗ ಕೊರಿಂಥಕ್ಕೆ ಬಂದರು. ಅದೇ ಕಸುಬು ಬಲ್ಲ ಪೌಲನು ಅವರೊಡನೆ ಇದ್ದು ದುಡಿದನು. ಮುಂದೆ ಎಫೆಸದಲ್ಲಿ ಅಪೊಲ್ಲೋಸನೆಂಬ ವಾಗ್ಮಿಯ ಜ್ಞಾನದಲ್ಲಿದ್ದ ಕೊರತೆಯನ್ನು ಕಂಡು, ಅವನನ್ನು ಕರೆದುಕೊಂಡು ಹೋಗಿ ತಿದ್ದಿ ಬೋಧಿಸಿದವರು ಈ ದಂಪತಿಗಳು. ಹೊಸ ಒಡಂಬಡಿಕೆಯಲ್ಲಿ ಇವರ ಹೆಸರು ಆರು ಸಲ ಬರುತ್ತದೆ. ನಾಲ್ಕು ಸಲ ಹೆಂಡತಿಯ ಹೆಸರೇ ಮೊದಲು. ಅಂದಿನ ರೂಢಿಗೆ ಇದು ವಿಪರೀತವಾದುದು. ಅಪೊಲ್ಲೋಸನಿಗೆ ಬೋಧಿಸಿದ ಸಂದರ್ಭದಲ್ಲಿಯೂ ಆಕೆಯ ಹೆಸರೇ ಮೊದಲು ಬರುತ್ತದೆ. ಆದರೆ ಕೆಲವು ಹಸ್ತಪ್ರತಿಗಳಲ್ಲಿ ಆ ವಾಕ್ಯವನ್ನು ನಕಲು ಮಾಡಿದವರು ಕ್ರಮವನ್ನು ಬದಲಿಸಿ ಗಂಡನ ಹೆಸರನ್ನು ಮುಂದಕ್ಕೆ ತಂದಿದ್ದಾರೆ.

ಇಂತಹ ತಿದ್ದುಪಡಿ ಇದೊಂದೇ ಅಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದ ಕೊನೆಯಲ್ಲಿ ನುಂಫ ಎಂಬ ವ್ಯಕ್ತಿಯ ಮನೆಯಲ್ಲಿ ಸೇರುವ ಸಭೆಗೆ ವಂದನೆ ಹೇಳಲಾಗಿದೆ. ಗ್ರೀಕಿನಲ್ಲಿ ಆ ಹೆಸರಿನ ರೂಪವನ್ನು ನೋಡಿ ಗಂಡೋ ಹೆಣ್ಣೋ ಎಂದು ನಿರ್ಣಯಿಸುವುದಕ್ಕಾಗದು. ಮುಂದಿನ ಸರ್ವನಾಮದಿಂದಲೇ ತಿಳಿಯಬೇಕು. ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ‘ಆಕೆಯ ಮನೆ’ ಎಂದಿದೆ. ಕೆಲವದರಲ್ಲಿ ‘ಆತನ ಮನೆ’ ಎಂದಿದೆ. ಮತ್ತೆ ಕೆಲವು ‘ಅವರ ಮನೆ’ ಎಂದು ಬರೆದು ತೊಡಕಿನಿಂದ ಪಾರಾಗಿವೆ. ‘ಆಕೆಯ’ ಎಂಬುದೇ ಮೂಲಪಾಠವೆಂದು ಇಂದಿನ ಸಂಪಾದಕರು ಸ್ವೀಕರಿಸಿದ್ದಾರೆ. ಏಕೆಂದರೆ ‘ಆತನ’ ಎಂದು ಇದ್ದುದನ್ನು ‘ಆಕೆಯ’ ಎಂದು ತಿದ್ದುವ ಮನಸ್ಸು ಆ ಕಾಲದ ಲಿಪಿಕಾರನಿಗೆ ಬರುವ ಸಂಭವವಿಲ್ಲ.

ಆದರೆ ಈ ಬಗೆಯ ತಿದ್ದುಪಡಿಗಳಲ್ಲಿ ಅತ್ಯಂತ ಪ್ರಸಿದ್ಧವಾದುದು ಯೂನ್ಯಳದು. ರೋಮಿನ ಪಟ್ಟಿಯಲ್ಲಿ ಪೌಲನು ಅಂದ್ರೋನಿಕ ಮತ್ತು ಯೂನ್ಯ ಎಂಬ ಇಬ್ಬರಿಗೆ ವಂದನೆ ಹೇಳುತ್ತ, ಅವರು ತನ್ನ ಸ್ವಜನರು, ತನ್ನ ಜೊತೆ ಸೆರೆಯಲ್ಲಿದ್ದವರು, ತನಗಿಂತ ಮೊದಲೇ ಕ್ರಿಸ್ತನನ್ನು ನಂಬಿದವರು, ಅಪೊಸ್ತಲರಲ್ಲಿ ಹೆಸರಾದವರು ಎಂದು ಹೇಳಿದ್ದಾನೆ. ನಾಲ್ಕನೆಯ ಶತಮಾನದಲ್ಲಿ ಜೀವಿಸಿದ್ದ ಜಾನ್ ಕ್ರಿಸೊಸ್ತೊಮನು ಗ್ರೀಕನ್ನು ತಾಯಿನುಡಿಯಾಗಿ ಬಲ್ಲವನು. ಸ್ತ್ರೀಪಕ್ಷಪಾತಿಯೆಂಬ ಹೆಸರು ಅವನಿಗೇನೂ ಇಲ್ಲ. ಆದರೂ ಈ ವಾಕ್ಯಕ್ಕೆ ವ್ಯಾಖ್ಯಾನ ಮಾಡುವಾಗ, ಅಪೊಸ್ತಲಳೆಂಬ ಹೆಸರಿಗೆ ಯೋಗ್ಯಳಾಗಬೇಕಾದರೆ ಈ ಸ್ತ್ರೀಯ ಜ್ಞಾನವು ಎಷ್ಟು ದೊಡ್ಡದಾಗಿರಬೇಕು ಎಂದು ಅವನು ಆಶ್ಚರ್ಯಪಟ್ಟಿದ್ದಾನೆ. ಮಧ್ಯಯುಗದಿಂದೀಚೆಗೆ ಮಾತ್ರ ಈಕೆಯನ್ನು ‘ಯೂನಿಯಾಸ್’ ಎಂಬ ಪುರುಷನನ್ನಾಗಿ ಓದುವ ಪರಿಪಾಠ ಬೆಳೆಯಿತು. ಹಳೆಯ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳಿರಲಿಲ್ಲವಾದ್ದರಿಂದ ಅಕ್ಷರಗಳು ಎರಡು ಓದಿಗೂ ಎಡೆಕೊಡುತ್ತಿದ್ದವು. ಚಿಹ್ನೆಯನ್ನು ಒಂದು ಸ್ವರದ ಮೇಲಿಟ್ಟರೆ ಹೆಂಗಸು, ಇನ್ನೊಂದು ಸ್ವರದ ಮೇಲಿಟ್ಟರೆ ಗಂಡಸು. ವಿದ್ವಾಂಸರೆಲ್ಲರೂ ಬಳಸುವ ನೆಸ್ಲೆ ಸಂಪಾದಿತ ಗ್ರೀಕ್ ಪಾಠದಲ್ಲಿ 1927ರ ಆವೃತ್ತಿಯಿಂದ ಆ ಚಿಹ್ನೆಯು ಪುರುಷರೂಪಕ್ಕೆ ಹೋಯಿತು. 1998ರ ಮುದ್ರಣದವರೆಗೂ ಹಾಗೆಯೇ ಉಳಿಯಿತು.

ಈ ನಡುವೆ ಯಾರೋ ಕುಳಿತು ಲೆಕ್ಕ ಹಾಕಿದರು. ರೋಮ್ ನಗರದ ಶಾಸನಗಳಲ್ಲಿ ಯೂನ್ಯ ಎಂಬ ಸ್ತ್ರೀನಾಮವು 250ಕ್ಕೂ ಹೆಚ್ಚು ಕಡೆ ದೊರೆಯುತ್ತದೆ. ಯೂನಿಯಾಸ್ ಎಂಬ ಪುರುಷನಾಮವು ಒಂದು ಕಡೆಯೂ ಇಲ್ಲ. ಇಲ್ಲದ ಒಬ್ಬ ಗಂಡಸನ್ನು ಸೃಷ್ಟಿಸಿ, ಇದ್ದ ಒಬ್ಬ ಹೆಂಗಸನ್ನು ತಲೆಮಾರುಗಟ್ಟಲೆ ಅಳಿಸಲಾಗಿತ್ತು. 1977ರಲ್ಲಿ ಬರ್ನಡೆಟ್ ಬ್ರೂಟನ್ ಎಂಬ ವಿದುಷಿಯ ಲೇಖನವೂ 2005ರಲ್ಲಿ ಎಲ್ಡನ್ ಎಪ್ ಅವರ ಗ್ರಂಥವೂ ಪ್ರಕಟವಾದ ಬಳಿಕ ಆಕೆ ಸ್ತ್ರೀಯೆಂಬುದರಲ್ಲಿ ವಿವಾದ ಉಳಿದಿಲ್ಲವೆನ್ನಬಹುದು. ಈಗ ಚರ್ಚೆಯು ಬೇರೆಡೆಗೆ ಹೊರಳಿದೆ: ‘ಅಪೊಸ್ತಲರಲ್ಲಿ ಹೆಸರಾದವಳು’ ಎಂಬುದಕ್ಕೆ ‘ಅಪೊಸ್ತಲರಿಗೆ ಚೆನ್ನಾಗಿ ಪರಿಚಿತಳು’ ಎಂದಷ್ಟೇ ಅರ್ಥವೆಂದು ಕೆಲವರು ವಾದಿಸುತ್ತಾರೆ. ಆಕೆ ಗಂಡಸಾಗಿದ್ದಷ್ಟು ಕಾಲ ಈ ವಾದಕ್ಕೆ ಇಷ್ಟು ಬಲ ಬಂದಿರಲಿಲ್ಲವೆಂಬುದು ಗಮನಾರ್ಹ.

ಇದನ್ನೆಲ್ಲ ಯಾರೋ ಕೂಡಿ ಮಾಡಿದ ಸಂಚೆಂದು ಭಾವಿಸುವುದು ಸರಿಯಲ್ಲ. ಹಳೆಯ ಖಾತೆಪುಸ್ತಕವನ್ನು ಹೊಸದಕ್ಕೆ ಇಳಿಸುವ ಗುಮಾಸ್ತನು, ತನ್ನ ತಿಳಿವಳಿಕೆಗೆ ಹೊಂದದ ಬಾಬ್ತು ಕಂಡರೆ ಹಿಂದಿನವನು ಕೈತಪ್ಪಿ ಬರೆದನೆಂದು ತಾನೇ ತಿದ್ದಿಬಿಡುತ್ತಾನೆ. ಅವನಲ್ಲಿ ಮೋಸದ ಉದ್ದೇಶವಿಲ್ಲ. ಆದರೆ ತಿದ್ದುಪಡಿಗಳೆಲ್ಲವೂ ಒಂದೇ ಪಕ್ಷದ ಲಾಭಕ್ಕೆ ಬೀಳುತ್ತಿದ್ದರೆ ಲೆಕ್ಕಪರಿಶೋಧಕನು ಅಲ್ಲಿ ನಿಲ್ಲಬೇಕಾಗುತ್ತದೆ. ಮಗ್ದಲದ ಮರಿಯಳಿಗೆ ಆದುದೂ ಇದೇ. ಯೋಹಾನನ ಸುವಾರ್ತೆಯ ಪ್ರಕಾರ ಪುನರುತ್ಥಾನದ ವಾರ್ತೆಯನ್ನು ಶಿಷ್ಯರಿಗೆ ಮೊದಲು ತಂದವಳು ಆಕೆ. 591ರ ಸುಮಾರಿನ ಒಂದು ಪ್ರವಚನದಲ್ಲಿ ಪೋಪ್ ಮೊದಲನೆಯ ಗ್ರೆಗೊರಿಯು ಆಕೆಯನ್ನೂ ಲೂಕನ ಸುವಾರ್ತೆಯಲ್ಲಿ ಬರುವ ಹೆಸರಿಲ್ಲದ ಪಾಪಿ ಸ್ತ್ರೀಯನ್ನೂ ಒಬ್ಬಳೇ ಎಂದು ಹೇಳಿಬಿಟ್ಟನು. ಪಾಶ್ಚಾತ್ಯ ಚಿತ್ರಕಲೆಯಲ್ಲಿ ಕೂದಲು ಕೆದರಿಕೊಂಡು ಅಳುವ ಮರಿಯಳಾಗಿ ಆಕೆ ಉಳಿದುದು ಈ ಒಂದು ಮಾತಿನಿಂದ. ರೋಮನ್ ಕಥೋಲಿಕ ಪಂಚಾಂಗವು 1969ರಲ್ಲಿ ಈ ಬೆರಕೆಯನ್ನು ಕೈಬಿಟ್ಟಿತು. 2016ರಲ್ಲಿ ಆಕೆಯ ಸ್ಮರಣೆಯ ದಿನವಾದ ಜುಲೈ 22ಕ್ಕೆ ಅಪೊಸ್ತಲರ ಹಬ್ಬಗಳ ಸಮಾನ ಸ್ಥಾನ ದೊರೆಯಿತು.

ಇನ್ನೊಂದು ಪಕ್ಷದ ಆಧಾರಗಳನ್ನೂ ನ್ಯಾಯವಾಗಿ ಮುಂದಿಡಬೇಕು. ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ನೆಯ ಅಧ್ಯಾಯದಲ್ಲಿ ಸ್ತ್ರೀಯರು ಸಭೆಯಲ್ಲಿ ಮೌನವಾಗಿರಬೇಕೆಂಬ ವಿಧಿ ಇದೆ. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಸ್ತ್ರೀಯು ಬೋಧಿಸಬಾರದು, ಪುರುಷನ ಮೇಲೆ ಅಧಿಕಾರ ನಡೆಸಬಾರದು ಎಂಬ ವಿಧಿ ಇದೆ. ನಂತರದ ಶತಮಾನಗಳಲ್ಲಿ ಸ್ತ್ರೀಯರಿಗೆ ಅಧಿಕಾರ ನಿರಾಕರಿಸಿದವರೆಲ್ಲ ಈ ಎರಡು ವಾಕ್ಯಗಳನ್ನೇ ನೆಚ್ಚಿಕೊಂಡರು. ಆದರೆ ಅದೇ ಕೊರಿಂಥದ ಪತ್ರದ 11ನೆಯ ಅಧ್ಯಾಯದಲ್ಲಿ, ಸ್ತ್ರೀಯರು ಸಭೆಯಲ್ಲಿ ಪ್ರಾರ್ಥನೆ ಮಾಡುವಾಗಲೂ ಪ್ರವಾದಿಸುವಾಗಲೂ ತಲೆಗೆ ಮುಸುಕು ಹಾಕಿಕೊಳ್ಳಬೇಕೆಂದು ಪೌಲನು ಹೇಳುತ್ತಾನೆ. ಬಾಯಿ ತೆರೆಯಕೂಡದವರಿಗೆ ಮಾತನಾಡುವಾಗ ಧರಿಸಬೇಕಾದ ಉಡುಪಿನ ನಿಯಮವೇಕೆ? ಮೌನದ ವಿಧಿಯು ಕೆಲವು ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಗೆ ಸರಿದಿರುವುದರಿಂದ, ಅದು ಅಂಚಿನಲ್ಲಿ ಬರೆದ ಟಿಪ್ಪಣಿಯಾಗಿದ್ದು ಮುಂದೆ ಮೂಲದೊಳಗೆ ಸೇರಿಹೋಯಿತೆಂದು ಕೆಲವು ವಿದ್ವಾಂಸರು ಊಹಿಸುತ್ತಾರೆ. ತಿಮೊಥೆಯನ ಪತ್ರವಾದರೋ ಪೌಲನ ಮರಣಾನಂತರ ಅವನ ಹೆಸರಿನಲ್ಲಿ ರಚಿತವಾದುದೆಂಬ ಅಭಿಪ್ರಾಯ ಅನೇಕರದು. ಇದನ್ನು ಒಪ್ಪದವರೂ ಇದ್ದಾರೆ. ಒಂದು ಮಾತು ಮಾತ್ರ ನಿಶ್ಚಯ: ಯಾರೂ ಮಾಡದ ಕೆಲಸವನ್ನು ಯಾರೂ ನಿಷೇಧಿಸುವುದಿಲ್ಲ.

ಕ್ರೈಸ್ತರ ಹೊರಗಿನಿಂದ ಬಂದ ಒಂದು ಸಾಕ್ಷ್ಯವು ಹೃದಯವಿದ್ರಾವಕವಾದುದು. ಕ್ರಿ.ಶ. 112ರ ಸುಮಾರಿಗೆ, ಇಂದಿನ ತುರ್ಕಿಯ ಉತ್ತರ ಭಾಗದಲ್ಲಿದ್ದ ಬಿಥುನ್ಯ ಪ್ರಾಂತದ ಅಧಿಪತಿ ಪ್ಲಿನಿಯು ಟ್ರಾಜನ್ ಚಕ್ರವರ್ತಿಗೆ ಒಂದು ವರದಿ ಬರೆದನು. ಕ್ರೈಸ್ತರೆಂದರೆ ಯಾರು, ಅವರು ಕೂಡಿ ಏನು ಮಾಡುತ್ತಾರೆ ಎಂದು ತಿಳಿಯಬೇಕಾಗಿದ್ದಿತು. ಸತ್ಯವನ್ನು ಹೊರಡಿಸಲು ಇಬ್ಬರು ದಾಸಿಯರನ್ನು ಚಿತ್ರಹಿಂಸೆಗೆ ಗುರಿಪಡಿಸಿದೆನೆಂದು ಆತನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ. ಅವರನ್ನು ಅವರ ಗುಂಪಿನವರು ‘ಮಿನಿಸ್ತ್ರೆ’ ಎಂದು ಕರೆಯುತ್ತಿದ್ದರಂತೆ. ದಿಯಾಕೊನೊಸ್ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ಸಮವಾದ ಶಬ್ದವಿದು. ಅತಿಯಾದ ಮೂಢನಂಬಿಕೆಯೊಂದನ್ನು ಬಿಟ್ಟು ಬೇರೇನೂ ದೊರೆಯಲಿಲ್ಲವೆಂದು ಆತನ ವರದಿ. ರೋಮನ್ ಕಾನೂನಿನ ಕಣ್ಣಿನಲ್ಲಿ ದಾಸಿಯು ವ್ಯಕ್ತಿಯೇ ಅಲ್ಲ, ಸ್ವತ್ತು. ಯಜಮಾನನ ಮನೆಯಲ್ಲಿ ಸ್ವತ್ತಾಗಿದ್ದವಳು ಸಭೆಯಲ್ಲಿ ಪದವಿಯುಳ್ಳವಳಾಗಿದ್ದಳು. ಪದವಿಯಿದ್ದುದರಿಂದಲೇ ಹಿಂಸೆಗೂ ಅವರೇ ಆಯ್ಕೆಯಾದರೆಂದು ತೋರುತ್ತದೆ. ಅವರ ಹೆಸರುಗಳನ್ನು ಪ್ಲಿನಿಯು ಬರೆಯಲಿಲ್ಲ.

ಎರಡನೆಯ ಶತಮಾನದ ಕೊನೆಯಿಂದ ಸಭೆಯ ಆಡಳಿತವು ಗಟ್ಟಿಯಾಗುತ್ತ ಬಂದಿತು. ಧರ್ಮಾಧ್ಯಕ್ಷ, ಹಿರಿಯರು, ಸಭಾಸೇವಕರು ಎಂಬ ಶ್ರೇಣಿಯು ನಿಂತಿತು. ಫ್ರುಗ್ಯ ಪ್ರಾಂತದಲ್ಲಿ ಪ್ರವಾದಿನಿಯರಾದ ಪ್ರಿಸ್ಕಿಲ್ಲ ಮತ್ತು ಮಕ್ಸಿಮಿಲ್ಲ ಎಂಬವರು ಮೊಂತಾನನ ಪಂಥದಲ್ಲಿ ಮುಂದಾಳುಗಳಾದುದು, ಪ್ರಧಾನಸಭೆಯವರಿಗೆ ಸ್ತ್ರೀಯರ ಮಾತೆಂದರೆ ಪಾಷಂಡವೆಂಬ ಭಯವನ್ನು ಬೆಳೆಸಿತು. ಕ್ರಿ.ಶ. 251ರಲ್ಲಿ ರೋಮಿನ ಧರ್ಮಾಧ್ಯಕ್ಷ ಕೊರ್ನೇಲ್ಯನು ತನ್ನ ಸಭೆಯ ಸಿಬ್ಬಂದಿಯ ಲೆಕ್ಕವನ್ನು ಒಂದು ಪತ್ರದಲ್ಲಿ ಕೊಟ್ಟಿದ್ದಾನೆ: ಹಿರಿಯರು 46, ಸಭಾಸೇವಕರು 7, ಉಪಸೇವಕರು 7, ಅನುಚರರು 42, ಭೂತೋಚ್ಚಾಟಕರು, ವಾಚಕರು, ದ್ವಾರಪಾಲಕರು ಸೇರಿ 52. ಈ ಪಟ್ಟಿಯಲ್ಲಿ ಒಬ್ಬ ಸ್ತ್ರೀಯೂ ಇಲ್ಲ. ಅನಂತರದ ಸಾಲಿನಲ್ಲಿ ಸಭೆಯು ಪೋಷಿಸುತ್ತಿದ್ದ ವಿಧವೆಯರೂ ದೀನರೂ 1500ಕ್ಕಿಂತ ಹೆಚ್ಚೆಂದು ಇದೆ. ಅಂದರೆ ಸ್ತ್ರೀಯರು ಲೆಕ್ಕಕ್ಕೆ ಬಂದಿದ್ದಾರೆ, ಖರ್ಚಿನ ಬಾಬ್ತಿನಲ್ಲಿ. ಅಷ್ಟು ಜನರ ಅನ್ನವಸ್ತ್ರಕ್ಕೆ ಹಣ ಕೊಟ್ಟವರಲ್ಲಿ ಸ್ತ್ರೀಯರೆಷ್ಟು ಮಂದಿ ಎಂಬ ಜಮಾ ಪಟ್ಟಿಯನ್ನು ಕೊರ್ನೇಲ್ಯನು ಬರೆಯಲಿಲ್ಲ.

ಪೂರ್ವದ ನಾಡುಗಳಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಮೂರನೆಯ ಶತಮಾನದಲ್ಲಿ ಸಿರಿಯಾದಲ್ಲಿ ರಚಿತವಾದ ‘ದಿದಸ್ಕಾಲಿಯ’ ಎಂಬ ಸಭಾನಿಯಮಗಳ ಗ್ರಂಥವು ಸ್ತ್ರೀ ಸಭಾಸೇವಕಿಯನ್ನು ನೇಮಿಸಿಕೊಳ್ಳುವಂತೆ ಧರ್ಮಾಧ್ಯಕ್ಷನಿಗೆ ವಿಧಿಸುತ್ತದೆ; ಆಕೆಯನ್ನು ಪವಿತ್ರಾತ್ಮನ ಸಾದೃಶ್ಯದಲ್ಲಿ ಗೌರವಿಸಬೇಕೆನ್ನುತ್ತದೆ. ಅದು ಕೊಡುವ ಕಾರಣಗಳು ವ್ಯಾವಹಾರಿಕವಾದವು. ಆಗ ದೀಕ್ಷಾಸ್ನಾನ ಪಡೆಯುತ್ತಿದ್ದವರಲ್ಲಿ ವಯಸ್ಕರೇ ಹೆಚ್ಚು. ಸ್ನಾನಕ್ಕೆ ಮುನ್ನ ಮೈಗೆಲ್ಲ ಎಣ್ಣೆ ಪೂಸುವ ಪದ್ಧತಿ ಇತ್ತು. ಹೆಂಗಸರಿಗೆ ಪುರುಷನು ಎಣ್ಣೆ ಪೂಸುವುದು ಸಭ್ಯವಲ್ಲ. ಅನ್ಯಧರ್ಮದವರ ಮನೆಗಳ ಅಂತಃಪುರದಲ್ಲಿ ಕ್ರೈಸ್ತ ಹೆಂಗಸು ಕಾಯಿಲೆ ಬಿದ್ದರೆ ಅಲ್ಲಿಗೆ ಪುರುಷನನ್ನು ಕಳುಹಿಸುವಂತಿಲ್ಲ. ದೀಕ್ಷೆ ಪಡೆದ ಹೆಂಗಸರಿಗೆ ಮುಂದಿನ ನಡತೆಯನ್ನು ಕಲಿಸುವವಳೂ ಸಭಾಸೇವಕಿಯೇ. ಅದೇ ಗ್ರಂಥವು ವಿಧವೆಯರು ಮನೆಮನೆ ಅಲೆದು ಬೋಧನೆ ಮಾಡಬಾರದೆಂದೂ ಸ್ತ್ರೀಯರು ದೀಕ್ಷಾಸ್ನಾನ ಮಾಡಿಸಬಾರದೆಂದೂ ನಿರ್ಬಂಧಿಸುತ್ತದೆ. ಒಂದು ಕೈಯಿಂದ ಪದವಿಯನ್ನು ಕೊಟ್ಟು ಇನ್ನೊಂದು ಕೈಯಿಂದ ಬೇಲಿ ಹಾಕಿದಂತಾಯಿತು.

ಸಭಾಸೇವಕಿಗೆ ದೊರೆಯುತ್ತಿದ್ದುದು ಪೂರ್ಣ ದೀಕ್ಷೆಯೋ ಬರಿಯ ಆಶೀರ್ವಾದವೋ ಎಂಬುದು ಇಂದಿಗೂ ತೀರದ ವಿವಾದ. 325ರ ನೈಸಿಯ ಮಹಾಸಭೆಯ 19ನೆಯ ನಿಯಮವು, ಒಂದು ಪಾಷಂಡ ಪಂಥದಿಂದ ಮರಳಿ ಬಂದ ಸಭಾಸೇವಕಿಯರಿಗೆ ಹಸ್ತಸ್ಥಾಪನೆ ಆಗಿಲ್ಲದ ಕಾರಣ ಅವರನ್ನು ಗೃಹಸ್ಥರಲ್ಲೇ ಎಣಿಸಬೇಕೆನ್ನುತ್ತದೆ. ಆದರೆ ಅದೇ ಶತಮಾನದ ಕೊನೆಯ ಭಾಗದ ‘ಅಪೊಸ್ತಲಿಕ ಸಂವಿಧಾನಗಳು’ ಎಂಬ ಗ್ರಂಥದಲ್ಲಿ, ಧರ್ಮಾಧ್ಯಕ್ಷನು ಹಿರಿಯರ ಸಮಕ್ಷಮದಲ್ಲಿ ಆಕೆಯ ತಲೆಯ ಮೇಲೆ ಕೈಯಿಟ್ಟು ಮಾಡಬೇಕಾದ ಪ್ರಾರ್ಥನೆಯೇ ಇದೆ. ಹಳೆಯ ಒಡಂಬಡಿಕೆಯ ಮಿರ್ಯಾಮ, ದೆಬೋರ, ಹುಲ್ದ ಮುಂತಾದ ಸ್ತ್ರೀಯರನ್ನು ಆ ಪ್ರಾರ್ಥನೆಯಲ್ಲಿ ಸ್ಮರಿಸಲಾಗಿದೆ. 451ರ ಕಾಲ್ಸಿಡನ್ ಮಹಾಸಭೆಯು 40 ವರ್ಷಕ್ಕೆ ಮೊದಲು ಯಾವ ಸ್ತ್ರೀಗೂ ಈ ದೀಕ್ಷೆ ಕೊಡಬಾರದೆಂದು ವಿಧಿಸಿ, ಅಲ್ಲಿಯೂ ಹಸ್ತಸ್ಥಾಪನೆಯ ಶಬ್ದವನ್ನೇ ಬಳಸಿತು.

ಈ ಪದವಿಯ ಮಹತ್ವವೂ ಇಕ್ಕಟ್ಟೂ ಒಟ್ಟಿಗೆ ಕಾಣುವುದು ಕಾನ್‌ಸ್ಟಾಂಟಿನೋಪಲಿನ ಒಲಿಂಪಿಯಾಸ್ ಎಂಬ ಸಭಾಸೇವಕಿಯ ಬಾಳಿನಲ್ಲಿ. ಶ್ರೀಮಂತ ಮನೆತನದ ಅನಾಥ ಮಗಳಾದ ಈಕೆ ನಗರಾಧಿಪತಿಯಾಗಿದ್ದ ನೆಬ್ರಿದ್ಯನನ್ನು ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಿಧವೆಯಾದಳು. ಥಿಯೊದೋಸ್ಯ ಚಕ್ರವರ್ತಿಯು ತನ್ನ ಬಂಧುವೊಬ್ಬನಿಗೆ ಆಕೆಯನ್ನು ಕೊಡಿಸಬೇಕೆಂದಿದ್ದನು, ಆಕೆ ಒಪ್ಪಲಿಲ್ಲ. ಕೋಪಗೊಂಡ ಚಕ್ರವರ್ತಿಯು ಆಕೆಗೆ 30 ವರ್ಷ ತುಂಬುವವರೆಗೆ ಆಸ್ತಿಯನ್ನೆಲ್ಲ ಅಧಿಕಾರಿಯ ವಶಕ್ಕೆ ಕೊಟ್ಟನು. ಆ ದೊಡ್ಡ ಭಾರವನ್ನು ಇಳಿಸಿದುದಕ್ಕೆ ಒಲಿಂಪಿಯಾಸ್ ಚಕ್ರವರ್ತಿಗೆ ಕೃತಜ್ಞತೆ ಹೇಳಿ, ಅದನ್ನು ಬಡವರಿಗೂ ಇಗರ್ಜಿಗಳಿಗೂ ಹಂಚಿಬಿಡಲು ಅಪ್ಪಣೆಮಾಡಿದರೆ ಉಪಕಾರ ಪೂರ್ಣವಾಗುವುದೆಂದು ತಿಳಿಸಿದಳಂತೆ. ಕೆಲವು ವರ್ಷಗಳ ಬಳಿಕ ಆಸ್ತಿ ಆಕೆಗೆ ಮರಳಿ ಬಂದಿತು.

ಇದೇ ಚಕ್ರವರ್ತಿಯು 390ರ ಜೂನ್ ತಿಂಗಳಲ್ಲಿ ಹೊರಡಿಸಿದ ಒಂದು ಕಾಯಿದೆಯು, 60 ವರ್ಷವಾಗದ ಸ್ತ್ರೀಯನ್ನು ಸಭಾಸೇವಕಿಯಾಗಿ ಸೇರಿಸಕೂಡದೆಂದೂ ಆಕೆಯ ಆಸ್ತಿಯು ಇಗರ್ಜಿಗಾಗಲಿ ಗುರುಗಳಿಗಾಗಲಿ ಉಯಿಲಿನ ಮೂಲಕ ಹೋಗಕೂಡದೆಂದೂ ಗೊತ್ತುಮಾಡಿತು. ಎರಡೇ ತಿಂಗಳಲ್ಲಿ ಆಸ್ತಿಯ ನಿರ್ಬಂಧವನ್ನು ಸಡಿಲಿಸಬೇಕಾಯಿತು. ಒತ್ತಾಯ ಯಾರಿಂದ ಬಂದಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಒಲಿಂಪಿಯಾಸಳಿಗಾದರೋ ಧರ್ಮಾಧ್ಯಕ್ಷ ನೆಕ್ತಾರ್ಯನು ಸುಮಾರು 30ರ ವಯಸ್ಸಿನಲ್ಲೇ ದೀಕ್ಷೆ ಕೊಟ್ಟನು. ಆಕೆ ಇಗರ್ಜಿಗೆ ಕೊಟ್ಟ ದಾನವು ಹತ್ತು ಸಾವಿರ ಪೌಂಡು ಚಿನ್ನ, ಇಪ್ಪತ್ತು ಸಾವಿರ ಪೌಂಡು ಬೆಳ್ಳಿ ಎಂದು ಆಕೆಯ ಪ್ರಾಚೀನ ಚರಿತ್ರೆಯಲ್ಲಿದೆ. ರೋಮನ್ ಪೌಂಡಿನ ತೂಕದಲ್ಲಿ ಚಿನ್ನವೊಂದೇ ಮೂರು ಸಾವಿರ ಕಿಲೋಗ್ರಾಮಿಗೆ ಮೀರುತ್ತದೆ. ಹೀಗೆ ಸೊನ್ನೆಗಳಿಂದ ಮುಗಿಯುವ ಸಂಖ್ಯೆಗಳನ್ನು ಎಚ್ಚರಿಕೆಯಿಂದ ನೋಡಬೇಕು. ಅದರ ಜೊತೆಗಿರುವ ಥ್ರೇಸ್, ಗಲಾತ್ಯ, ಕಪ್ಪದೋಕ್ಯ, ಬಿಥುನ್ಯಗಳ ಭೂಮಿಗಳ ವಿವರವು ಹೆಚ್ಚು ನಂಬಿಕೆಗೆ ಅರ್ಹ. ಪ್ರಧಾನ ಇಗರ್ಜಿಯ ಮಗ್ಗುಲಲ್ಲಿ ಆಕೆ ಕಟ್ಟಿಸಿದ ಸ್ತ್ರೀಮಠದಲ್ಲಿ 250 ಮಂದಿ ಇದ್ದರೆಂದು ಅದೇ ಚರಿತ್ರೆಯು ಹೇಳುತ್ತದೆ.

ಕೊಡುವ ಕೈ ಇರುವಲ್ಲಿ ಚಾಚುವ ಕೈಗಳೂ ಬರುತ್ತವೆ. ದೂರದೂರದ ಧರ್ಮಾಧ್ಯಕ್ಷರು ಆಕೆಯ ಬಳಿ ಬಂದು ಹಣ ಪಡೆದು ಹೋಗುತ್ತಿದ್ದರು. 398ರಲ್ಲಿ ಧರ್ಮಾಧ್ಯಕ್ಷನಾಗಿ ಬಂದ ಜಾನ್ ಕ್ರಿಸೊಸ್ತೊಮನು, ಯೂನ್ಯಳನ್ನು ಮೆಚ್ಚಿ ಬರೆದವನೇ ಈತ, ಕೇಳಿದವರಿಗೆಲ್ಲ ಕೊಡದೆ ಕೇಳುವವನ ಅಗತ್ಯವನ್ನು ಅಳೆದು ಕೊಡಬೇಕೆಂದು ಆಕೆಗೆ ಹೇಳಿದನು. ಇದರಿಂದ ಆದಾಯ ತಪ್ಪಿದವರು ಅವನ ಶತ್ರುಗಳ ಸಾಲಿಗೆ ಸೇರಿದರು. 404ರಲ್ಲಿ ಅವನನ್ನು ಗಡೀಪಾರು ಮಾಡಿದ ದಿನಗಳಲ್ಲೇ ಪ್ರಧಾನ ಇಗರ್ಜಿಗೆ ಬೆಂಕಿ ಬಿದ್ದಿತು. ಬೆಂಕಿ ಹಚ್ಚಿದ ಆರೋಪದ ಮೇಲೆ ಒಲಿಂಪಿಯಾಸಳನ್ನು ನಗರಾಧಿಪತಿಯ ಮುಂದೆ ನಿಲ್ಲಿಸಿದರು. ಇಗರ್ಜಿಗಳನ್ನು ಕಟ್ಟಿಸುವುದಕ್ಕೆ ಆಸ್ತಿಯನ್ನೇ ವೆಚ್ಚಮಾಡಿದವಳು ಇಗರ್ಜಿಯನ್ನು ಸುಡುವಳೇ ಎಂದು ಆಕೆ ಉತ್ತರಿಸಿದಳು. ಹೊಸ ಧರ್ಮಾಧ್ಯಕ್ಷನನ್ನು ಒಪ್ಪಲು ನಿರಾಕರಿಸಿದುದಕ್ಕಾಗಿ ಭಾರಿ ದಂಡ ತೆರಬೇಕಾಯಿತು. ಗಡೀಪಾರಿನಿಂದ ಕ್ರಿಸೊಸ್ತೊಮನು ಆಕೆಗೆ ಬರೆದ 17 ಪತ್ರಗಳು ಉಳಿದುಬಂದಿವೆ. ಆಕೆ ಅವನಿಗೆ ಬರೆದ ಪತ್ರಗಳಲ್ಲಿ ಒಂದೂ ಉಳಿದಿಲ್ಲ. 408ರ ಸುಮಾರಿಗೆ ಆಕೆ ರಾಜಧಾನಿಯಿಂದ ದೂರದಲ್ಲಿಯೇ ತೀರಿಕೊಂಡಳು.

ಯಾತ್ರೆಗೆ ಬಂದ ಎಗೇರಿಯ ಎಂಬ ಪಾಶ್ಚಾತ್ಯ ಸ್ತ್ರೀಯು 384ರಲ್ಲಿ ಇಸೌರ್ಯದ ಸೆಲ್ಯೂಕ್ಯದಲ್ಲಿದ್ದ ಸಂತ ಥೆಕ್ಲಳ ಕ್ಷೇತ್ರದಲ್ಲಿ, ಜೆರೂಸಲೇಮಿನಲ್ಲಿ ಮೊದಲೇ ಪರಿಚಿತಳಾಗಿದ್ದ ಮರ್ಥಾನ ಎಂಬ ಸಭಾಸೇವಕಿಯನ್ನು ಕಂಡ ಸಂತೋಷವನ್ನು ತನ್ನ ಪ್ರವಾಸಕಥನದಲ್ಲಿ ಬರೆದಿದ್ದಾಳೆ. ಮರ್ಥಾನಳು ಅಲ್ಲಿನ ಮಠಗಳ ಆಡಳಿತ ನಡೆಸುತ್ತಿದ್ದಳು. 535ರಲ್ಲಿ ಜಸ್ಟಿನಿಯನ್ ಚಕ್ರವರ್ತಿಯು ಕಾನ್‌ಸ್ಟಾಂಟಿನೋಪಲಿನ ಮಹಾ ಇಗರ್ಜಿಯ ಸಂಬಳದ ಖರ್ಚು ಕೈಮೀರಿ ಹೋಗುತ್ತಿರುವುದನ್ನು ಕಂಡು ಸಿಬ್ಬಂದಿಗೆ ಮಿತಿ ಹಾಕಿದನು: ಹಿರಿಯರು 60, ಸಭಾಸೇವಕರು 100, ಸಭಾಸೇವಕಿಯರು 40, ಉಪಸೇವಕರು 90, ವಾಚಕರು 110, ಗಾಯಕರು 25, ಒಟ್ಟು 425. ದ್ವಾರಪಾಲಕರು 100 ಇದರ ಹೊರಗೆ. ನಲವತ್ತು ಮಂದಿ ಸ್ತ್ರೀಯರು ಆ ಕಾಯಿದೆಯಲ್ಲಿ ಪುರುಷ ಸಭಾಸೇವಕರ ಮರುಸಾಲಿನಲ್ಲಿಯೇ, ಸಂಬಳಕ್ಕೆ ಅರ್ಹರಾದ ಧರ್ಮಾಧಿಕಾರಿಗಳ ಎಣಿಕೆಯೊಳಗೆ ಇದ್ದಾರೆ. ದೀಕ್ಷೆಯ ವಿಷಯದಲ್ಲಿ ಧರ್ಮಶಾಸ್ತ್ರಜ್ಞರು ಏನೇ ವಾದಿಸಲಿ, ಬೊಕ್ಕಸದ ಪುಸ್ತಕದಲ್ಲಿ ಅವರು ಇದ್ದುದು ಹೀಗೆ.

ಪಶ್ಚಿಮದಲ್ಲಿ ಈ ಪದವಿ ಬೇಗ ಮುಚ್ಚಿಹೋಯಿತು. ಗಾಲ್ ದೇಶದ ಒರಾಂಜಿನಲ್ಲಿ 441ರಲ್ಲಿ ಕೂಡಿದ ಸಭೆಯು ಸಭಾಸೇವಕಿಯರಿಗೆ ಯಾವ ವಿಧದಲ್ಲೂ ದೀಕ್ಷೆ ಕೊಡಕೂಡದೆಂದು ತೀರ್ಮಾನಿಸಿತು. 517 ಮತ್ತು 533ರಲ್ಲಿ ಮತ್ತೆರಡು ಸಭೆಗಳು ಅದನ್ನೇ ಮತ್ತೆ ಹೇಳಬೇಕಾಯಿತೆಂದರೆ ಮೊದಲ ತೀರ್ಮಾನವನ್ನು ಎಲ್ಲರೂ ಪಾಲಿಸಲಿಲ್ಲವೆಂದೇ ಅರ್ಥ. ಪೂರ್ವದಲ್ಲಿ ಇದು ಇನ್ನೂ ಕೆಲವು ಶತಮಾನ ನಡೆದು ಕ್ರಮೇಣ ಕ್ಷೀಣಿಸಿತು. ದೀಕ್ಷಾಸ್ನಾನ ಶಿಶುಗಳಿಗೇ ಆಗತೊಡಗಿದ ಮೇಲೆ ವಯಸ್ಕ ಹೆಂಗಸರಿಗೆ ಎಣ್ಣೆ ಪೂಸುವ ಕೆಲಸ ಇಲ್ಲವಾಯಿತು. ಮನೆಗಳಲ್ಲಿ ಕೂಡುತ್ತಿದ್ದ ಸಭೆ ರಾಜಾಶ್ರಯದ ದೊಡ್ಡ ಕಟ್ಟಡಗಳಿಗೆ ಹೋದ ಮೇಲೆ ಮನೆಯೊಡತಿಯ ಅಧಿಕಾರಕ್ಕೆ ನೆಲೆಯಿಲ್ಲವಾಯಿತು. ಮುಟ್ಟಿನ ಮೈಲಿಗೆಯ ಭಾವನೆಯೂ ಸೇರಿಕೊಂಡು ಪೂಜಾವೇದಿಯ ಬಳಿಗೆ ಅವರು ಬರುವುದು ನಿಂತಿತು. ಹನ್ನೆರಡನೆಯ ಶತಮಾನದ ಹೊತ್ತಿಗೆ, ಹಿಂದೆ ಹೀಗೊಂದು ಪದವಿ ಇತ್ತೆಂದು ಬೈಜಾಂತಿಯದ ನಿಯಮಜ್ಞರು ಟೀಕೆಯಲ್ಲಿ ಹೇಳುವ ಸ್ಥಿತಿ ಬಂದಿತ್ತು.

1836ರಲ್ಲಿ ಜರ್ಮನಿಯ ಕೈಸರ್ಸ್‌ವೆರ್ತ್ ಊರಿನಲ್ಲಿ ಥಿಯೊಡೋರ್ ಫ್ಲೀಡ್ನರ್ ಎಂಬ ಪಾದ್ರಿಯು ರೋಗಿಗಳ ಶುಶ್ರೂಷೆಗಾಗಿ ಈ ಹೆಸರನ್ನು ಮತ್ತೆ ಎತ್ತಿಕೊಂಡನು. ಫ್ಲಾರೆನ್ಸ್ ನೈಟಿಂಗೇಲ್ 1851ರಲ್ಲಿ ತರಬೇತಿ ಪಡೆದುದು ಅಲ್ಲಿಯೇ. ಕರ್ನಾಟಕದ ಪ್ರೊಟೆಸ್ಟೆಂಟ್ ಇಗರ್ಜಿಗಳಲ್ಲಿ ಬಹಳಷ್ಟು ಸೇರಿರುವ, 1947ರಲ್ಲಿ ಸ್ಥಾಪಿತವಾದ ದಕ್ಷಿಣ ಭಾರತ ಸಭೆಯು 2013ರಲ್ಲಿ ಆಂಧ್ರದ ನಂದ್ಯಾಲಕ್ಕೆ ಮೊದಲ ಬಾರಿಗೆ ಒಬ್ಬ ಸ್ತ್ರೀಯನ್ನು ಧರ್ಮಾಧ್ಯಕ್ಷರನ್ನಾಗಿ ನೇಮಿಸಿತು. ಪ್ರಾಚೀನ ಸಭಾಸೇವಕಿಯರ ಸ್ಥಾನವೇನಿತ್ತೆಂದು ಪರಿಶೀಲಿಸಲು ರೋಮಿನ ಪೋಪರು 2016ರಲ್ಲಿ ಒಂದು ಸಮಿತಿಯನ್ನೂ 2020ರಲ್ಲಿ ಇನ್ನೊಂದು ಸಮಿತಿಯನ್ನೂ ರಚಿಸಿದರು.

ಜೆರೂಸಲೇಮಿನ ಎಣ್ಣೆಮರಗಳ ಗುಡ್ಡದಲ್ಲಿ 1903ರಲ್ಲಿ ಒಡೆದುಹೋದ ಒಂದು ಸಮಾಧಿಶಿಲೆ ಸಿಕ್ಕಿತು. ನಾಲ್ಕನೆಯ ಶತಮಾನದ್ದೆಂದೂ ಇನ್ನೂ ಈಚಿನದೆಂದೂ ಅದರ ಕಾಲದ ವಿಷಯದಲ್ಲಿ ಎರಡು ಅಭಿಪ್ರಾಯಗಳಿವೆ. ಅಲ್ಲಿ ಮಲಗಿರುವವಳು ಸೋಫಿಯ ಎಂಬ ಸಭಾಸೇವಕಿ. ಆಕೆಯ ಕುಲವಾಗಲಿ ಊರಾಗಲಿ ಮಾಡಿದ ಕಾರ್ಯಗಳಾಗಲಿ ಉಳಿದ ಭಾಗದಲ್ಲಿಲ್ಲ; ಕೆಳಗಿನ ತುಂಡು ಕಳೆದುಹೋಗಿದೆ. ಪದವಿಯ ಹೆಸರನ್ನು ಕೆತ್ತಿದವನು ನಂತರದ ಕಾಲದಲ್ಲಿ ಬಂದ ಸ್ತ್ರೀಲಿಂಗರೂಪವನ್ನು ಬಿಟ್ಟು, ಪೌಲನು ಫೊಯಿಬೆಗೆ ಬಳಸಿದ ‘ದಿಯಾಕೊನೊಸ್’ ಎಂಬುದನ್ನೇ ಬಳಸಿದ್ದಾನೆ. ಅದರ ಮುಂದೆ ಆಕೆಗೆ ಇನ್ನೊಂದು ವಿಶೇಷಣವೂ ಇದೆ: ಎರಡನೆಯ ಫೊಯಿಬೆ.